ಮತ್ತೆ ಮತ್ತೆ ಬೀಳುವ ಮಗು

(ರಾಯಚೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ನಮ್ಮ ಕಡೆ ಪ್ರತಿ ಓಣಿಯಲ್ಲೂ ಅಂಥದೊಂದು ಮಗು ಇರುತ್ತದೆ. ಮಾಳಿಗೆಯಿಂದ ಬಿದ್ದು ಕೈ ಮುರಿದುಕೊಂಡಿತು, ಕೈಗೆ ಕಟ್ಟಿದ ಪಟ್ಟಿ ಬಿಚ್ಚುವ ಮೊದಲೇ ಕುದಿಯುವ ಎಸರು ಮೈಮೇಲೆ ಕೆಡವಿಕೊಂಡಿತು, ಆ ಗಾಯ ಮಾಯುವುದರೊಳಗೆ ಸೈಕಲ್ಲಿನ ಚಕ್ರಕ್ಕೆ ಕಾಲು ಕೊಟ್ಟಿತು. ಅದೇ ಮನೆಯ, ಅದೇ ತಾಯಿಯ ಇನ್ನೊಂದು ಮಗುವಿನ ಮೈಮೇಲೆ ಒಂದು ತರಚು ಗಾಯವೂ ಇರುವುದಿಲ್ಲ. ಯಾಕೆ ಹೀಗೆ ಎಂದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಅಜ್ಜಿ ಅನ್ನುತ್ತಾಳೆ, 'ಇವನ ಗಾಚಾರನೇ ಸರಿ ಇಲ್ರೀ.' ಮೇಷ್ಟ್ರು ಅನ್ನುತ್ತಾರೆ, 'ಭಾಳ ಉಡಾಳ ಅದಾನ್ರೀ, ಕೈಕಾಲು ಒಂದ್ಕಡಿ ನಿಲ್ಲಂಗಿಲ್ಲ.' ಅಜ್ಜಿ ಗ್ರಹದ ಮೇಲೆ ಹಾಕಿದಳು, ಮೇಷ್ಟ್ರು ಮಗುವಿನ ಮೇಲೆ ಹಾಕಿದರು. ಯಾವುದನ್ನು ಒಪ್ಪಿಕೊಂಡರೂ ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ದೃಷ್ಟಿ ತೆಗೆದು ತಾಯತ ಕಟ್ಟಿ ಮುಗಿಸಬಹುದು, ಇಲ್ಲವೇ ಎರಡೇಟು ಹಾಕಿ ಮುಗಿಸಬಹುದು. ಈ ಎರಡು ಉತ್ತರಗಳ ಜೊತೆ ಜಗಳವಾಡುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಜಗಳ ಶುರುಮಾಡುವ ಮೊದಲು ಅಜ್ಜಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಕೆಲವು ಸಲ ನಿಜಕ್ಕೂ ಬರೀ ಗಾಚಾರವೇ ಇರುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದವನು ಲಾಡಿಸ್ಲಾಸ್ ಬೊರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ. ಪ್ರಷ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಪಟ್ಟಿ ಹಿಡಿದು 1898ರಲ್ಲಿ ಅವನೊಂದು ಪುಟ್ಟ ಪುಸ್ತಕ ಬರೆದ. ಅದರಲ್ಲಿ ಹತ್ತು ದಳಗಳ ಇಪ್ಪತ್ತು ವರ್ಷಗಳ ಲೆಕ್ಕವಿದೆ. ಒಂದು ದಳದ ಒಂದು ವರ್ಷವನ್ನು ಒಂದು ಸಾಲು ಎಂದರೆ ಒಟ್ಟು 200 ಸಾಲು, ಸತ್ತವರು 122. ಈ ಸಾಲುಗಳಲ್ಲಿ 109ರಲ್ಲಿ ಒಬ್ಬರೂ ಸತ್ತಿಲ್ಲ, 65ರಲ್ಲಿ ಒಬ್ಬೊಬ್ಬರು, 22ರಲ್ಲಿ ಇಬ್ಬಿಬ್ಬರು, ಮೂರರಲ್ಲಿ ಮೂವರು, ಒಂದೇ ಒಂದು ಸಾಲಿನಲ್ಲಿ ನಾಲ್ವರು. ನಾಲ್ವರು ಸತ್ತ ದಳದ ಬಗ್ಗೆ ಜನ ಏನೆಂದಿರಬಹುದು? ಆ ದಳದವರಿಗೆ ಕುದುರೆ ಹಿಡಿಯಲು ಬರುವುದಿಲ್ಲ, ಅದರ ನಾಯಕ ಸರಿಯಿಲ್ಲ, ಹೀಗೆ ಏನೇನೋ. ಆದರೆ ಯಾರ ತಪ್ಪೂ ಇಲ್ಲದೆ, ಸಾವುಗಳು ಕುರುಡಾಗಿ ಹಂಚಿಹೋದರೂ ಹೆಚ್ಚುಕಡಿಮೆ ಇದೇ ಅಂಕಿಗಳೇ ಬರುತ್ತವೆ ಎಂದು ಅವನ ಗಣಿತ ಹೇಳಿತು. ಇನ್ನೂರು ಮಕ್ಕಳ ಶಾಲೆಯಲ್ಲಿ ಒಂದು ವರ್ಷದೊಳಗೆ ಒಂದೆರಡು ಮಕ್ಕಳಿಗೆ ಮೂರು ಮೂರು ಸಲ ಪೆಟ್ಟಾದರೆ ಅಷ್ಟರಿಂದಲೇ ಆ ಮಕ್ಕಳ ಮನಸ್ಸಿನೊಳಗೆ ಏನೋ ಇದೆ ಎಂದು ಹೇಳಲಾಗದು.

ಇನ್ನೊಂದು ಪಟ್ಟಿ ಬೇರೆ ಕಥೆ ಹೇಳಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಹೆಂಗಸರು ಕೆಲಸ ಮಾಡುತ್ತಿದ್ದರು. ಅವರ ಗಾಯಗಳ ದಾಖಲೆಯನ್ನು ಮೇಜರ್ ಗ್ರೀನ್‌ವುಡ್ ಮತ್ತು ಹಿಲ್ಡಾ ವುಡ್ಸ್ 1919ರಲ್ಲಿ ಬಿಡಿಸಿ ನೋಡಿದರು. ಇಲ್ಲಿ ಕುರುಡು ಹಂಚಿಕೆಯ ಲೆಕ್ಕ ಹೊಂದಲಿಲ್ಲ. ಕೆಲವೇ ಕೆಲವರ ಪಾಲಿಗೆ ಗಾಯ ಲೆಕ್ಕ ಮೀರಿ ಬಂದಿತ್ತು. 1926ರಲ್ಲಿ ಫಾರ್ಮರ್ ಮತ್ತು ಚೇಂಬರ್ಸ್ ಇದಕ್ಕೆ 'ಅಪಘಾತ ಪ್ರವೃತ್ತಿ' ಎಂದು ಹೆಸರಿಟ್ಟರು. ಅದೇ ಹೊತ್ತಿಗೆ ಜರ್ಮನಿಯ ಕಾರ್ಲ್ ಮಾರ್ಬೆ ಕೂಡ ಇದೇ ಮಾತು ಹೇಳಿದ. ಕಾರ್ಖಾನೆಯ ಮಾಲೀಕರಿಗೆ ಇದು ಬಹಳ ಹಿಡಿಸಿತು. ಹಿಡಿಸದೆ ಏನು? ಯಂತ್ರದ ಬೆಲ್ಟಿಗೆ ಕವಚ ಹಾಕಿಸುವುದಕ್ಕಿಂತ 'ಪ್ರವೃತ್ತಿ' ಇರುವವರನ್ನು ಮನೆಗೆ ಕಳಿಸುವುದು ಅಗ್ಗ. ಹತ್ತಿ ಜಿನ್ನುಗಳ ಊರಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಖಾನೆಯ ಈ ಮಾತು ಆಸ್ಪತ್ರೆಗೂ ಬಂತು. ನ್ಯೂಯಾರ್ಕಿನ ವೈದ್ಯೆ ಫ್ಲ್ಯಾಂಡರ್ಸ್ ಡನ್‌ಬಾರ್ ಹೃದ್ರೋಗಿಗಳ ಮನಸ್ಸನ್ನು ಅಭ್ಯಾಸ ಮಾಡುತ್ತಿದ್ದಳು. ಹೋಲಿಸಿ ನೋಡಲು 'ಮಾಮೂಲಿ' ಮನಸ್ಸಿನವರು ಬೇಕಲ್ಲ, ಅದಕ್ಕೆ ಎಲುಬು ಮುರಿದು ಬಂದವರನ್ನು ಆರಿಸಿಕೊಂಡಳು. ನೋಡಿದರೆ ಅವರೇ ಎಲ್ಲರಿಗಿಂತ ವಿಚಿತ್ರವಾಗಿ ಕಂಡರು: ಮುನ್ನುಗ್ಗುವವರು, ಹಿರಿಯರ ಅಧಿಕಾರಕ್ಕೆ ಒಳಗೊಳಗೇ ಕುದಿಯುವವರು, ಯೋಚಿಸುವ ಮೊದಲೇ ಕೈ ಎತ್ತುವವರು. 1943ರ ಅವಳ ಪುಸ್ತಕದಿಂದ 'ಅಪಘಾತದ ವ್ಯಕ್ತಿತ್ವ' ಎಂಬ ಮಾತು ಮನೆಮಾತಾಯಿತು. ಆಮೇಲಿನವರು ಅದನ್ನು ಜಾಲಾಡಿದರು. ಅಂಥದೊಂದು ಅಚ್ಚಿನ ವ್ಯಕ್ತಿತ್ವ ಸಿಗಲಿಲ್ಲ, ಆದರೆ ವಿಷಯ ಪೂರ್ತಿ ಸುಳ್ಳಾಗಲೂ ಇಲ್ಲ. 2007ರಲ್ಲಿ ನೆದರ್ಲೆಂಡ್ಸಿನ ಎಲ್ಲೆನ್ ವಿಸ್ಸರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಮತ್ತೆ ಮತ್ತೆ ಗಾಯಗೊಳ್ಳುವವರ ಸಂಖ್ಯೆ ಆಕಸ್ಮಿಕದ ಲೆಕ್ಕಕ್ಕಿಂತ ಹೆಚ್ಚೇ ಇತ್ತು. ಮೇಷ್ಟ್ರ ಮಾತಿಗೆ ಇಷ್ಟು ಆಧಾರವಿದೆ. ಇದಕ್ಕಿಂತ ಹೆಚ್ಚಿಲ್ಲ.

ಮನಸ್ಸಿನ ಮಾತಿಗೆ ಬರುವ ಮೊದಲು ನೆಲದ ಮಾತು ಮುಗಿಸಬೇಕು. 2007ರಲ್ಲಿ ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲಿ ಬಾಲಕನೊಬ್ಬ ಕೊಳವೆಬಾವಿಯೊಳಗೆ ಬಿದ್ದು ತೀರಿಕೊಂಡ. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನವೇ, ಇದೇ ತಾಲ್ಲೂಕಿನ ಕಪಗಲ್ ಬಳಿ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಮಕ್ಕಳು ಜೀವ ಕಳೆದುಕೊಂಡರು. ಈ ಮಕ್ಕಳ ಮನಸ್ಸಿನಲ್ಲಿ ಏನಿತ್ತು ಎಂದು ಯಾವ ಮನಶ್ಶಾಸ್ತ್ರಜ್ಞನಾದರೂ ಕೇಳಿದರೆ ಅವನನ್ನು ಸಭೆಯಿಂದ ಎಬ್ಬಿಸಿ ಕಳಿಸಬೇಕು. ಮುಚ್ಚಳವಿಲ್ಲದ ಬಾವಿಗೆ ಬೀಳಲು ಯಾವ ಸ್ವಭಾವವೂ ಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಊರುಗಳ ಪಕ್ಕದಲ್ಲೇ ಹರಿಯುತ್ತದೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳ ನಡುವೆ ಹಾದುಹೋಗುತ್ತದೆ. ಇಲ್ಲಿನ ಮಗು ಆಡುವ ಜಾಗದಲ್ಲಿ ಇಳಿಜಾರಿನ ಸಿಮೆಂಟು ದಂಡೆಯಿದೆ, ಪಾಚಿಯಿದೆ, ಹಿಡಿದುಕೊಳ್ಳಲು ಏನೂ ಇಲ್ಲ. ಹತ್ತಿಗೆ ಹೊಡೆಯುವ ಎಣ್ಣೆಯನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಬಗ್ಗಿಸಿ ಗೂಡಿನಲ್ಲಿಡುವ ಮನೆಯಲ್ಲಿ ಮಗು ಅದನ್ನು ಕುಡಿದರೆ, ಕುತೂಹಲ ಮಗುವಿನದು, ತಪ್ಪು ಬಾಟಲಿಯದು. ಅಮೆರಿಕೆಯಲ್ಲಿ 1970ರಲ್ಲಿ ಔಷಧಿ ಬಾಟಲಿಗೆ ಮಕ್ಕಳ ಕೈಗೆ ಬಿಚ್ಚಲು ಬಾರದ ಮುಚ್ಚಳ ಇರಬೇಕೆಂದು ಕಾನೂನು ಬಂತು. ಮಕ್ಕಳು ಆಸ್ಪಿರಿನ್ ನುಂಗಿ ಸಾಯುವುದು ಆಮೇಲೆ ಬಹಳ ಕಡಿಮೆಯಾಯಿತು. ಅಲ್ಲಿನ ಮಕ್ಕಳ ಸ್ವಭಾವವನ್ನು ಯಾರೂ ತಿದ್ದಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ದಿನವೊಂದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಆಕಸ್ಮಿಕ ಗಾಯಗಳಿಂದ ಸಾಯುತ್ತಿದ್ದರು. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸಾವುಗಳು ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ಬಡ ದೇಶದ ಮಕ್ಕಳೆಲ್ಲ ಉಡಾಳರು ಎಂದು ಇದರಿಂದ ತೀರ್ಮಾನಿಸುವವರು ಯಾರೂ ಇಲ್ಲವೆಂದುಕೊಂಡಿದ್ದೇನೆ. ನೆಲ ಎಲ್ಲರಿಗೂ ಒಂದೇ ಇದ್ದು, ಅದೇ ಓಣಿಯ ಹತ್ತು ಮಕ್ಕಳಲ್ಲಿ ಒಂದೇ ಮಗು ಪದೇ ಪದೇ ಬೀಳುತ್ತಿದ್ದರೆ ಆಗ ಮನಸ್ಸಿನ ಪ್ರಶ್ನೆ ಏಳುತ್ತದೆ.

ಈ ಮಗುವಿನ ಮನಸ್ಸಿನಲ್ಲಿ ಮೊದಲು ಕಾಣುವುದು ತನ್ನ ಮೈಯ ಬಗ್ಗೆ ಅದಕ್ಕಿರುವ ತಪ್ಪು ಅಂದಾಜು. ಅಮೆರಿಕೆಯ ಜೋಡಿ ಪ್ಲುಮರ್ಟ್ 1995ರಲ್ಲಿ ಒಂದು ಸರಳ ಪ್ರಯೋಗದ ವರದಿ ಪ್ರಕಟಿಸಿದಳು. ಆರು ಮತ್ತು ಎಂಟು ವರ್ಷದ ಮಕ್ಕಳಿಗೆ ಎತ್ತರದ ಹಲಗೆಯ ಮೇಲಿನ ಆಟಿಕೆ ತೋರಿಸಿ, ನಿನಗೆ ಎಟಕುತ್ತದೆಯೇ ಎಂದು ಕೇಳುವುದು, ಆಮೇಲೆ ಎಟಕಿಸಿಕೊಳ್ಳಲು ಹೇಳುವುದು. ಸ್ವಲ್ಪದರಲ್ಲಿ ಎಟಕದಂಥ ವಸ್ತುಗಳ ವಿಷಯದಲ್ಲಿ ಮಕ್ಕಳು 'ಎಟಕುತ್ತದೆ' ಎಂದೇ ಹೇಳಿದರು. ಆರು ವರ್ಷದವರಲ್ಲಿ ಈ ಅತಿ ಅಂದಾಜಿಗೂ ಅವರಿಗೆ ಹಿಂದೆ ಆಗಿದ್ದ ಗಾಯಗಳಿಗೂ ನಂಟು ಕಂಡಿತು. ಗಮನಿಸಿ, ತೀರಾ ಅಸಾಧ್ಯವಾದದ್ದಕ್ಕಿಂತ 'ಇನ್ನೊಂದು ಗೇಣು' ಎನ್ನುವಂಥದ್ದೇ ಮಗುವನ್ನು ಕೆಡವುತ್ತದೆ. ಪಂಚಮಿಯ ಜೋಕಾಲಿಯಲ್ಲಿ ಇನ್ನೊಂದು ಜೀಕು, ಮೊಹರಂ ಅಲಾಯಿ ಕುಣಿಯ ಕೆಂಡದ ಮೇಲೆ ಅಣ್ಣಂದಿರ ಹಾಗೆಯೇ ಒಂದು ಜಿಗಿತ, ಕಾಲುವೆಯ ದಂಡೆಯಲ್ಲಿ ಇನ್ನೊಂದು ಮೆಟ್ಟು. ಮಗು ಬೆಳೆಯುತ್ತಿರುತ್ತದೆ, ಕಳೆದ ಸಲ ಎಟಕದ್ದು ಈ ಸಲ ಎಟಕಿರುತ್ತದೆ. ಅದರ ಧೈರ್ಯಕ್ಕೆ ಕಾರಣವಿಲ್ಲದೆ ಇಲ್ಲ. ಬಹಳಷ್ಟು ಮಕ್ಕಳು ಒಂದೆರಡು ಸಲ ಬಿದ್ದು ಅಂದಾಜು ತಿದ್ದಿಕೊಳ್ಳುತ್ತವೆ. ತಿದ್ದಿಕೊಳ್ಳಲು ಬಿದ್ದ ಕ್ಷಣ ನೆನಪಿಗೆ ಬರಬೇಕು, ನೆನಪಿಗೆ ಬರಲು ಅರೆಗಳಿಗೆ ನಿಲ್ಲಬೇಕು. ಕೆಲವು ಮಕ್ಕಳಿಗೆ ಆ ಅರೆಗಳಿಗೆ ನಿಲ್ಲುವುದೇ ಸಾಧ್ಯವಾಗುವುದಿಲ್ಲ. ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ಸಿಕ್ಕಿರುವ ಕಾರಣ ಇದೇ: ಶುರುವಾದ ಚಲನೆಯನ್ನು ತಡೆಹಿಡಿಯುವ ಶಕ್ತಿ ಕಡಿಮೆ ಇರುವುದು. ಧೈರ್ಯ ಬೇರೆ, ಇದು ಬೇರೆ. ಧೈರ್ಯವಂತ ಮಗು ನೋಡಿ ಹಾರುತ್ತದೆ, ಈ ಮಗು ಹಾರಿದ ಮೇಲೆ ನೋಡುತ್ತದೆ.

ದಾಸರ ನಾಡಿನಲ್ಲಿ ನಿಂತು ತುಂಟ ಕೃಷ್ಣನನ್ನು ನೆನೆಯದಿದ್ದರೆ ಹೇಗೆ? ಮಾನ್ವಿಯ ಜಗನ್ನಾಥದಾಸರ ಮನೆಯಂಗಳದಿಂದ ಇಲ್ಲಿಗೆ ಏನು ಮಹಾ ದೂರ! ನಮ್ಮ ಪುರಾಣದಲ್ಲಿ ಪದೇ ಪದೇ ಅಪಾಯಕ್ಕೆ ಸಿಕ್ಕುವ ಮಗು ಅಂದರೆ ಅವನೇ. ಬಂಡಿ ಮಗುಚಿ ಬಿತ್ತು, ಸುಂಟರಗಾಳಿ ಎತ್ತಿಕೊಂಡು ಹೋಯಿತು, ಮಡುವಿಗೆ ಧುಮುಕಿದ. ಯಶೋದೆ ಸಾಕಾಗಿ ಒರಳಿಗೆ ಕಟ್ಟಿಹಾಕಿದಳು. ಅವನು ಒರಳನ್ನೇ ಎಳೆದುಕೊಂಡು ಹೋಗಿ ಎರಡು ಮರ ಬೀಳಿಸಿದ. ಕಟ್ಟಿಹಾಕುವುದರಿಂದ ಕೆಲಸ ಆಗುವುದಿಲ್ಲ ಎಂದು ನಮ್ಮವರಿಗೆ ಅಂದೇ ಗೊತ್ತಿತ್ತು. ಆದರೂ ಇಂದಿಗೂ ಕೆಲವು ಮನೆಗಳಲ್ಲಿ ಹೊಲಕ್ಕೆ ಹೋಗುವ ತಾಯಿ ಮಗುವಿನ ಸೊಂಟಕ್ಕೆ ಸೀರೆಯ ತುಂಡು ಸುತ್ತಿ ಮಂಚದ ಕಾಲಿಗೆ ಕಟ್ಟುತ್ತಾಳೆ. ಅವಳನ್ನು ಬೈಯುವ ಮೊದಲು ಅವಳಿಗೆ ಬೇರೆ ದಾರಿ ಏನಿತ್ತು ಎಂದು ಹೇಳಬೇಕು.

ಹೀಗೆ ಚಲನೆಗೆ ತಡೆಯೇ ಇಲ್ಲದ ಮಕ್ಕಳಲ್ಲಿ ಕೆಲವರಿಗೆ ಎಡಿಎಚ್‌ಡಿ ಎಂದು ವೈದ್ಯರು ಕರೆಯುವ ಸ್ಥಿತಿ ಇರುತ್ತದೆ. ಗಮನ ನಿಲ್ಲದು, ಮೈ ನಿಲ್ಲದು. ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಚ್ ಹಾಫ್‌ಮನ್ ತನ್ನ ಪುಟ್ಟ ಮಗನಿಗೆಂದು ಬರೆದು 1845ರಲ್ಲಿ ಅಚ್ಚು ಹಾಕಿಸಿದ ಚಿತ್ರಪುಸ್ತಕಕ್ಕೆ ಎರಡನೆಯ ಮುದ್ರಣದಲ್ಲಿ ಸೇರಿದ ಕಥೆಯಲ್ಲಿ ಫಿಲಿಪ್ ಎಂಬ ಹುಡುಗ ಕುರ್ಚಿ ತೂಗಾಡಿಸಿ ಮೇಜಿನ ಬಟ್ಟೆ ಸಮೇತ ಊಟವನ್ನೆಲ್ಲ ಕೆಡವಿಕೊಂಡು ಬೀಳುತ್ತಾನೆ. ಮುಂದೆ ಅದೇ ಪುಸ್ತಕಕ್ಕೆ ಸೇರಿದ ಹಾನ್ಸ್ ಎಂಬ ಇನ್ನೊಬ್ಬ ಹುಡುಗ ಆಕಾಶ ನೋಡುತ್ತಾ ನಡೆದು ಹೊಳೆಗೆ ಬೀಳುತ್ತಾನೆ. ಇಬ್ಬರೂ ನಮ್ಮ ಶಾಲೆಗಳಲ್ಲಿದ್ದಾರೆ. ಫಿಲಿಪ್ ಎಲ್ಲರ ಕಣ್ಣಿಗೆ ಬೀಳುತ್ತಾನೆ, ಬೈಗುಳವೂ ಬೀಳುತ್ತದೆ. ಹಾನ್ಸ್ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂಲೆಯಲ್ಲಿ ಸುಮ್ಮನೆ ಕೂತು ಕಿಟಕಿ ನೋಡುವ ಹುಡುಗಿ ರಸ್ತೆ ದಾಟುವಾಗಲೂ ಹಾಗೆಯೇ ಇರುತ್ತಾಳೆ ಎಂಬುದು ನಮಗೆ ಹೊಳೆಯುವುದಿಲ್ಲ. ಈ ಸ್ಥಿತಿಗೆ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಗಾಯಗಳೂ ಕಡಿಮೆಯಾದವು ಎಂದು ಡೆನ್ಮಾರ್ಕಿನ ದೊಡ್ಡ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಅಂದರೆ, 'ಉಡಾಳತನ' ಎಂದು ನಾವು ಏಟು ಕೊಡುವುದರಲ್ಲಿ ಒಂದು ಪಾಲಿಗೆ ಔಷಧಿಯಿದೆ, ತರಬೇತಿಯಿದೆ.

ಆದರೆ ನೇರವಾಗಿ ಮನಸ್ಸಿಗೆ ಹೋಗಬೇಡಿ, ದಾರಿಯಲ್ಲಿ ಕಣ್ಣು ಮತ್ತು ರಕ್ತ ಸಿಗುತ್ತವೆ. ಕನ್ನಡಕ ಬೇಕಾದ ಮಗು ಮೆಟ್ಟಿಲು ಎಡವುತ್ತದೆ. ಅರೆಕ್ಷಣ ಪ್ರಜ್ಞೆ ತಪ್ಪುವ ಸಣ್ಣ ಮೂರ್ಛೆಯ ಮಗು 'ಲಕ್ಷ್ಯ ಇಲ್ಲ' ಎನ್ನಿಸಿಕೊಳ್ಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ಶೇ 65.5. ಕಬ್ಬಿಣಾಂಶ ಕಡಿಮೆಯಾದ ಮಗುವಿನ ಗಮನವೂ ಕಡಿಮೆಯಾಗುತ್ತದೆ. ರಾಯಚೂರಿನ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಅರೆನಿದ್ದೆ ಮಾಡಿ, ಬೆಳಗ್ಗೆ ಏನೂ ತಿನ್ನದೆ, ಟಂಟಂನಲ್ಲಿ ಇಪ್ಪತ್ತು ಜನರ ನಡುವೆ ನಿಂತು ಹತ್ತಿ ಬಿಡಿಸಲು ಹೋದ ಹುಡುಗಿ ಇಳಿಯುವಾಗ ಬಿದ್ದರೆ ಅವಳ ವ್ಯಕ್ತಿತ್ವದ ಬಗ್ಗೆ ಪ್ರಬಂಧ ಬರೆಯುವುದು ಬೇಡ. ಅವಳು ಆ ಹೊತ್ತಿನಲ್ಲಿ ಶಾಲೆಯಲ್ಲಿರಬೇಕಾಗಿತ್ತು.

ಗಂಡು ಹುಡುಗರಿಗೆ ಗಾಯ ಹೆಚ್ಚು ಎಂಬುದು ಬಹುತೇಕ ಎಲ್ಲ ದೇಶಗಳ ಅನುಭವ. ಅದರಲ್ಲಿ ಹುಟ್ಟುಗುಣ ಎಷ್ಟು, ನಾವು ಕಲಿಸಿದ್ದು ಎಷ್ಟು? ಕೆನಡಾದ ಬಾರ್ಬರಾ ಮೊರೊಂಜೆಲ್ಲೊ ಆಟದ ಮೈದಾನದಲ್ಲಿ ತಂದೆತಾಯಿಯರನ್ನು ಗಮನಿಸಿದಳು. ಕಂಬದಿಂದ ಜಾರಿ ಇಳಿಯುವ ಮಗಳಿಗೆ ಕೈ ಹಿಡಿದು ಹುಷಾರು ಹೇಳಿದರು, ಮಗನಿಗೆ ನೀನೇ ಇಳಿ ಎಂದರು. ಮಗಳು ಬಿದ್ದರೆ ಮುಂದೆ ಹೀಗಾಗದಂತೆ ನೋಡಿಕೊಳ್ಳಬೇಕು ಎಂದುಕೊಂಡ ತಾಯಂದಿರು, ಮಗ ಬಿದ್ದರೆ ಹುಡುಗರ ಸ್ವಭಾವವೇ ಹಾಗೆ ಎಂದರು. ಕೆನಡಾ ಯಾಕೆ, ನಮ್ಮ ಕಟ್ಟೆಯ ಮೇಲೆ ಕೂತವರನ್ನು ಕೇಳಿ. 'ಗಂಡುಮಗ ಅಂದ್ಮ್ಯಾಗ ನಾಕು ಸಲ ಬೀಳಬೇಕು' ಎನ್ನುತ್ತಾರೆ. ನಾಲ್ಕನೆಯ ಸಲ ತಲೆಗೆ ಪೆಟ್ಟಾದಾಗ ಗಾಚಾರ ನೆನಪಾಗುತ್ತದೆ.

ಇನ್ನು ಹೇಳಲು ಕಷ್ಟವಾದ ಭಾಗಕ್ಕೆ ಬರುತ್ತೇನೆ. ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಯಾವೊಬ್ಬ ಹುಡುಗನೂ ಅಲ್ಲ, ಹಲವರನ್ನು ಸೇರಿಸಿ ಕಟ್ಟಿದವನು. ಊರು ದೇವದುರ್ಗ ತಾಲ್ಲೂಕಿನಲ್ಲೆಲ್ಲೋ. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಅಲ್ಲಿ ಕಟ್ಟಡದ ಕೆಲಸ. ಚಿಕ್ಕದನ್ನು ಕಂಕುಳಲ್ಲಿ ಕರೆದೊಯ್ದಿದ್ದಾರೆ, ಇವನನ್ನು ಶಾಲೆ ತಪ್ಪದಿರಲೆಂದು ಅಜ್ಜಿಯ ಬಳಿ ಬಿಟ್ಟಿದ್ದಾರೆ. ಅಜ್ಜಿಗೆ ಕಣ್ಣು ಮಂಜು. ಹುಡುಗ ಅಳುವುದಿಲ್ಲ, ದೂರು ಹೇಳುವುದಿಲ್ಲ, ಬರೀ ಬೀಳುತ್ತಾನೆ. ಬಿದ್ದ ತಾರೀಖುಗಳನ್ನು ಯಾರಾದರೂ ಒಟ್ಟಿಗೆ ಬರೆದು ನೋಡಿದ್ದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತಿತ್ತು: ಮೊದಲನೆಯದು ಅವರು ಹೋದ ವಾರ, ಎರಡನೆಯದು ಹಬ್ಬಕ್ಕೆ ಬಂದು ಮರಳಿ ಬಸ್ಸು ಹತ್ತಿದ ಮರುದಿನ. ಮೂರನೆಯ ಸಲ ಕಾಲು ಮುರಿದಾಗ ಅವ್ವ ರಾತ್ರಿ ಬಸ್ಸಿಗೆ ಬಂದು ಎಂಟು ದಿನ ಪಕ್ಕದಲ್ಲಿ ಕೂತಳು.

ಫ್ರಾಯ್ಡ್ 1901ರಲ್ಲಿ, ಆಮೇಲೆ ಅಮೆರಿಕೆಯ ಕಾರ್ಲ್ ಮೆನಿಂಗರ್ 1938ರಲ್ಲಿ, ಇಂಥ ಗಾಯಗಳ ಹಿಂದೆ ಮರೆಯಾದ ಉದ್ದೇಶವಿದೆ ಎಂದರು. ಮನಸ್ಸಿನಲ್ಲಿ ಅಪರಾಧಭಾವ ಅಥವಾ ಸಿಟ್ಟು ಇದ್ದು, ಅದು ತನ್ನ ಮೈಯನ್ನೇ ದಂಡಿಸುತ್ತದೆ ಎಂಬುದು ಅವರ ವಾದ. ದೊಡ್ಡವರ ವಿಷಯದಲ್ಲಿ ಇದು ಕೆಲವೊಮ್ಮೆ ನಿಜವಿರಬಹುದು. ಮಕ್ಕಳ ವಿಷಯದಲ್ಲಿ ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಈ ಹುಡುಗ ಕಾಲು ಮುರಿದುಕೊಂಡರೆ ಅವ್ವ ಬರುತ್ತಾಳೆ ಎಂದು ಲೆಕ್ಕ ಹಾಕಿ ಬಿದ್ದವನಲ್ಲ. ದುಃಖದಲ್ಲಿರುವ ಮನಸ್ಸು ಕಾಲಡಿಯ ಕಲ್ಲನ್ನು ನೋಡುವುದಿಲ್ಲ, ಅಷ್ಟೇ ಮೊದಲನೆಯ ಸತ್ಯ. ಬಿದ್ದಾಗ ಮಾತ್ರ ತನ್ನನ್ನು ಯಾರಾದರೂ ಎತ್ತಿಕೊಳ್ಳುತ್ತಾರೆ, ಬೀಳದಿದ್ದಾಗ ಯಾರೂ ಮಾತಾಡಿಸುವುದಿಲ್ಲ ಎಂದು ಮೈ ಕಲಿಯುತ್ತದೆ, ಇದು ಎರಡನೆಯದು. ಇದನ್ನು 'ನಾಟಕ' ಎಂದು ಕರೆಯುವವರಿದ್ದಾರೆ. ನಾಟಕದವನಿಗೆ ತಾನು ಆಡುತ್ತಿರುವುದು ಗೊತ್ತಿರುತ್ತದೆ, ಈ ಹುಡುಗನಿಗೆ ಗೊತ್ತಿಲ್ಲ. ಹೊಸ ತಮ್ಮ ಹುಟ್ಟಿದ ಮನೆ, ಅಪ್ಪ ಕುಡಿದು ಬಂದು ಜಗಳವಾಡುವ ಮನೆ, ಸಾವಾದ ಮನೆ, ಎಲ್ಲ ಕಡೆಯೂ ತಾರೀಖು ಹೊಂದಿಸಿ ನೋಡಿ.

ಅವ್ವನ ಮನಸ್ಸನ್ನೂ ನೋಡಬೇಕು. ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಬಡ ಬಡಾವಣೆಯಲ್ಲಿ ಜಾರ್ಜ್ ಬ್ರೌನ್ ಮತ್ತು ಸೂ ಡೇವಿಡ್‌ಸನ್ ನಡೆಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯಂಥ ತೊಂದರೆಯಲ್ಲಿದ್ದ ತಾಯಂದಿರ ಮಕ್ಕಳಿಗೆ ಅಪಘಾತಗಳು ಹೆಚ್ಚಾಗಿದ್ದವು. ತಾಯಿ ಮನೆಯಲ್ಲೇ ಇರುತ್ತಾಳೆ, ಮಗು ಎದುರಿಗೇ ಆಡುತ್ತಿರುತ್ತದೆ, ಆದರೆ ಅವಳ ಕಣ್ಣು ಅಲ್ಲಿರುವುದಿಲ್ಲ. ಇದನ್ನು ತಾಯಿಯ ತಪ್ಪು ಎಂದು ಓದುವವರು ಮೇಷ್ಟ್ರ ಉತ್ತರವನ್ನೇ ಮಗುವಿನಿಂದ ತಾಯಿಗೆ ದಾಟಿಸಿದ ಹಾಗಾಯಿತು. ಖಿನ್ನತೆ ಕಾಯಿಲೆ, ಅದಕ್ಕೆ ಮದ್ದಿದೆ. ಮಗುವಿನ ಗಾಯ ಹಿಡಿದು ಆಸ್ಪತ್ರೆಗೆ ಬಂದ ತಾಯಿಗೆ, 'ನೀನು ಚೆನ್ನಾಗಿ ನಿದ್ದೆ ಮಾಡ್ತೀಯೇನವ್ವ' ಎಂದು ಕೇಳುವ ವೈದ್ಯರು ಆ ಮಗುವಿನ ಮುಂದಿನ ಗಾಯವನ್ನು ತಪ್ಪಿಸಬಹುದು. ಈ ಕೆಲಸದಲ್ಲಿ ನಮ್ಮ ಸೀಮೆ ಹಿಂದೆ ಬಿದ್ದಿದೆ ಎಂದುಕೊಳ್ಳಬೇಡಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ ಮಾಡಿ ತೋರಿಸಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ, 1985ರಿಂದ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಮಗುವನ್ನು ನೋಡಿಕೊಳ್ಳುವ ಒಂದು ಜೋಡಿ ಕಣ್ಣು ಎಷ್ಟು ಮುಖ್ಯ ಎಂಬುದಕ್ಕೆ ಬಾಂಗ್ಲಾದೇಶದ ಹಳ್ಳಿಗಳೇ ಸಾಕ್ಷಿ. ಅಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತಿನಲ್ಲಿ, ಒಂಬತ್ತರಿಂದ ಒಂದರವರೆಗೆ, ಐದು ವರ್ಷದೊಳಗಿನ ಮಕ್ಕಳನ್ನು ಊರಿನ ಒಬ್ಬ ಹೆಂಗಸಿನ ಮನೆಯಲ್ಲಿ ಕೂಡಿಸಿದರು. ಮಕ್ಕಳು ನೀರಿಗೆ ಬಿದ್ದು ಸಾಯುವುದು ದೊಡ್ಡ ಪ್ರಮಾಣದಲ್ಲಿ ಇಳಿಯಿತು. ಕರ್ನಾಟಕದಲ್ಲಿ 2023ರಲ್ಲಿ ಉದ್ಯೋಗ ಖಾತ್ರಿಯ ತಾಯಂದಿರಿಗಾಗಿ 'ಕೂಸಿನ ಮನೆ' ಎಂಬ ಮಕ್ಕಳ ಪಾಲನಾ ಕೇಂದ್ರ ಶುರುವಾಯಿತು. ಹತ್ತಿಯ ಹಂಗಾಮಿನಲ್ಲಿ, ತಾಯಿ ಹೊಲಕ್ಕೆ ಹೋಗುವ ಬೆಳಗಿನ ಜಾವಕ್ಕೇ ಅದರ ಬಾಗಿಲು ತೆಗೆದಿದ್ದರೆ ಮಂಚದ ಕಾಲಿಗೆ ಕಟ್ಟುವ ಸೀರೆಯ ತುಂಡು ಬೇಕಾಗುವುದಿಲ್ಲ. ಹತ್ತು ಗಂಟೆಗೆ ತೆಗೆಯುವ ಕೂಸಿನ ಮನೆಯಿಂದ ಇಲ್ಲಿನ ಕೂಲಿಕಾರಳಿಗೆ ಅರ್ಧ ಉಪಯೋಗ.

ಇನ್ನೊಂದು ಸಾಧ್ಯತೆಯನ್ನು ಹೇಳದೆ ಹೋದರೆ ಈ ಉಪನ್ಯಾಸ ಅಪಾಯಕಾರಿಯಾಗುತ್ತದೆ. 'ಬಿದ್ದಿದ್ದು' ಎಂದು ಹೇಳಿದ ಗಾಯಗಳೆಲ್ಲ ಬಿದ್ದು ಆದವಲ್ಲ. 1962ರಲ್ಲಿ ಅಮೆರಿಕೆಯ ಹೆನ್ರಿ ಕೆಂಪೆ ಮತ್ತು ಜೊತೆಗಾರರು, ಮತ್ತೆ ಮತ್ತೆ ಎಲುಬು ಮುರಿದು ಬರುವ ಎಳೆಯ ಮಕ್ಕಳಲ್ಲಿ ಹಲವರನ್ನು ಮನೆಯವರೇ ಹೊಡೆದಿರುತ್ತಾರೆ ಎಂದು ಬರೆದಾಗ ವೈದ್ಯಲೋಕ ಬೆಚ್ಚಿಬಿದ್ದಿತು. ಒಂದು ಹಳೆಯ ಗಾಯ, ಒಂದು ಅರ್ಧ ಮಾಯ್ದದ್ದು, ಒಂದು ಹಸಿಯದು, ಹೀಗೆ ಬೇರೆ ಬೇರೆ ವಯಸ್ಸಿನ ಗಾಯಗಳು ಒಂದೇ ಮೈಮೇಲೆ ಇದ್ದರೆ, ಹೇಳುವ ಕಥೆಗೂ ಗಾಯದ ಆಕಾರಕ್ಕೂ ಹೊಂದದಿದ್ದರೆ, ಕೇಳಿದಾಗ ಮಗು ಉತ್ತರಿಸುವ ಮೊದಲು ದೊಡ್ಡವರ ಮುಖ ನೋಡಿದರೆ, ಮನಶ್ಶಾಸ್ತ್ರದ ಪುಸ್ತಕ ಮುಚ್ಚಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಶಾಲೆಯೊಳಗಿನ ಏಟೂ ಇದರಲ್ಲಿ ಸೇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಅದನ್ನು ನಿಷೇಧಿಸಿದೆ.

ಹಾಗಾದರೆ ಯಾರು ಏನು ಮಾಡಬೇಕು? ಒಂದು ಮಗುವಿನ ಗಾಯಗಳು ಎಲ್ಲೆಲ್ಲಿ ಹೋಗುತ್ತವೆ ನೋಡಿ. ಮುರಿದ ಕೈ ಎಲುಬು ಕಟ್ಟುವವರ ಬಳಿಗೆ, ಸುಟ್ಟದ್ದು ಊರಿನ ಡಾಕ್ಟರ ಬಳಿಗೆ, ತಲೆಯ ಪೆಟ್ಟು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ರಾಯಚೂರಿನ ರಿಮ್ಸ್‌ಗೆ. ಪ್ರತಿ ಸಲವೂ ಹೊಸ ಚೀಟಿ. ಒಬ್ಬೊಬ್ಬ ವೈದ್ಯರೂ ಒಂದೊಂದು ಗಾಯವನ್ನು ನೋಡುತ್ತಾರೆ, ಹೊಲಿಗೆ ಹಾಕುತ್ತಾರೆ, ಕಳಿಸುತ್ತಾರೆ. ಎಲ್ಲ ಗಾಯಗಳನ್ನೂ ಒಟ್ಟಿಗೆ ನೋಡುವವರು ಮನೆಯ ಹೊರಗೆ ಒಬ್ಬರೇ: ತರಗತಿಯ ಶಿಕ್ಷಕಿ, ಚಿಕ್ಕ ಮಕ್ಕಳಾದರೆ ಅಂಗನವಾಡಿ ಕಾರ್ಯಕರ್ತೆ. ಮಗು ಪಟ್ಟಿ ಕಟ್ಟಿಕೊಂಡು ಬಂದ ದಿನ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ತಾರೀಖು, ಹೊತ್ತು, ಜಾಗ, ಜೊತೆಗೆ ಯಾರಿದ್ದರು, ಬೀಳುವ ಮೊದಲು ಏನು ನಡೆದಿತ್ತು, ಆಮೇಲೆ ಯಾರು ಬಂದರು. ಹಿಂದಿನ ರಾತ್ರಿ ನಿದ್ದೆ, ಬೆಳಗಿನ ಊಟ. ನಿಮ್ಮ ಅಭಿಪ್ರಾಯ ಬರೆಯಬೇಡಿ, ಅದರಲ್ಲೂ 'ಉಡಾಳ' ಎಂಬ ಶಬ್ದ ಬೇಡ. ಈಗಾಗಲೇ ಬರೆಯುವ ವಹಿಗಳಿಂದಲೇ ನೀವು ಬಳಲಿದ್ದೀರಿ ಎಂದು ಗೊತ್ತಿದೆ, ಆದರೆ ಇದು ಎರಡು ಸಾಲಿನ ಕೆಲಸ.

ಎಲ್ಲ ಗಾಯಗಳೂ ಒಂದೇ ಜಾಗದಲ್ಲಾಗಿದ್ದರೆ ಪಂಚಾಯಿತಿಗೆ ಹೋಗಿ, ಅದು ಮಗುವಿನ ಕಥೆಯಲ್ಲ, ಮೆಟ್ಟಿಲಿನದೋ ಕಾಲುವೆಯದೋ ಕಥೆ. ಜಾಗ ಬೇರೆ ಬೇರೆ, ಹೊತ್ತು ಒಂದೇ ಆಗಿದ್ದರೆ ಹಸಿವು ಮತ್ತು ನಿದ್ದೆ ವಿಚಾರಿಸಿ. ಜಾಗವೂ ಹೊತ್ತೂ ಬೇರೆಯಾಗಿದ್ದು ಮನೆಯ ಸಂಗತಿಗಳ ಜೊತೆ ತಾರೀಖು ಹೊಂದುತ್ತಿದ್ದರೆ ಮಗುವಿನ ಜೊತೆ ಕೂತು ಮಾತಾಡಿ, ಗಾಯವಿಲ್ಲದ ದಿನ ಮಾತಾಡಿ. ಯಾವುದಕ್ಕೂ ಹೊಂದದೆ ಎಲ್ಲೆಂದರಲ್ಲಿ, ಯಾವಾಗೆಂದರೆ ಆಗ ಬೀಳುವ ಮಗುವಿನ ಕಣ್ಣು, ರಕ್ತ, ಗಮನಶಕ್ತಿಯ ಪರೀಕ್ಷೆಯಾಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಶಾಲೆಗೇ ಬರುತ್ತದೆ, ಅವರ ಪಟ್ಟಿಯಲ್ಲಿ ದೃಷ್ಟಿದೋಷವೂ ಇದೆ, ಎಡಿಎಚ್‌ಡಿಯೂ ಇದೆ. ಬಂದವರ ಮುಂದೆ ಆ ಕೊನೆಯ ಹಾಳೆ ಬಿಚ್ಚಿಡಿ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕೂಡಿಸುವ ಮನೋಚೈತನ್ಯ ಕಾರ್ಯಕ್ರಮ ಕರ್ನಾಟಕ ಸರಕಾರದ್ದೇ. ದೇವದುರ್ಗದ, ಮಾನ್ವಿಯ ಶಿಕ್ಷಕರಲ್ಲಿ ನನ್ನ ಬೇಡಿಕೆ ಒಂದೇ. ಮೂರನೆಯ ಗಾಯದ ಮಗುವನ್ನೂ ಅದರ ಅವ್ವನನ್ನೂ ಒಂದು ಮಂಗಳವಾರ ಅಲ್ಲಿಗೆ ಕರೆದೊಯ್ಯಿರಿ. ಅವ್ವ ಗುಳೆ ಹೋಗಿದ್ದರೆ ಅಜ್ಜಿಯನ್ನು ಕರೆದೊಯ್ಯಿರಿ, ಅವಳು ಕಟ್ಟಿದ ತಾಯತವನ್ನು ಬಿಚ್ಚಲು ಹೇಳಬೇಡಿ. ಆಸ್ಪತ್ರೆ ದೂರವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.